ಬೆಸುಗೆಯ ಬಾಜೂಕಿನ ಬಿರುಕು

ಮಿರಜ
೬ ಜನವರಿ ೨೦೨೫

ಭರಮಣ್ಣ ಕಾಕಾಗ ಕಾಂಚನಳ ನಮಸ್ಕಾರ.

ಸಾಂಗ್ಲಿ ಪ್ಯಾಟಿಯ ಅರಿಷಿಣದ ವ್ಯಾಪಾರಿ ಕಾಡಪ್ಪನವರ ಮಗಳು ನಾನು. ಏಳು ವರ್ಷದ ಹಿಂದ ನಿಮ್ಮ ಪಂಪ್‌ಹೌಸಿಗೆ ಟ್ರೇನಿಂಗಿಗೆ ಬಂದು, ಮೊದಲನೇ ದಿನಾನ ನಟ್ಟು ಬಿಚ್ಚೂ ಪಾನಾ ತಿರುವಿ ಹಿಡಿದು ನಿಮ್ಮ ಕಡಿಂದ ಬೈಸಿಕೊಂಡಾಕಿ. ನೆನಪದನೊ ಇಲ್ಲೊ.

ನಿಮ್ಮ ಕಿವಿ ಈಗ ಪೂರ್ತಿ ಕೇಳೂದಿಲ್ಲ ಅಂತ ಗೊತ್ತಾತು. ಮೂವತ್ತು ವರ್ಷ ಪಂಪಿನ ಸಪ್ಪಳದಾಗ ನಿಂತವರಿಗೆ ಮತ್ತೇನಾಗತದ. ಫೋನು ಉಪಯೋಗಿಲ್ಲ. ನಿಮ್ಮ ಮಗ ಬಾಬುನ ಮೊಬೈಲಿಗೆ ಕಳಿಸಬಹುದಿತ್ತು, ಖರೆ ಈ ಮಾತು ನಿಮಗ ನೇರ ಮುಟ್ಟಲಿ ಅಂತ ಪೋಸ್ಟಿಗೆ ಹಾಕಲಿಕ್ಕತ್ತೇನಿ. ನನ್ನ ಕನ್ನಡ ಆಜಿ ಇಂದುಬಾಯಿ ಮನ್ಯಾಗ ಕಲಿಸಿದ್ದು. ದೀರ್ಘ, ಕೊಂಬು ತಪ್ಪಿದ್ರ ಸಾವರಿಸಿಕೊಂಡು ಓದ್ರಿ.

ನಾನೀಗ ಮಿರಜ ಎಂಐಡಿಸಿಯ ಹಾಲಿನ ಪುಡಿ ಕಾರಖಾನ್ಯಾಗ ಮೇಂಟೆನನ್ಸ್ ನೋಡತೇನಿ. ಬಾಬುನೂ ಇಲ್ಲೇ ವೆಲ್ಡರ್ ಇದ್ದಾನ ಅನ್ನೂದು ನಿಮಗ ಗೊತ್ತೇ ಅದ. ನಮ್ಮಲ್ಲಿ ಮೂರು ಪ್ಲಂಜರಿನ ಒಂದು ದೊಡ್ಡ ಪಂಪದ. ಗಟ್ಟಿ ಮಾಡಿದ ಬಿಸಿ ಹಾಲನ್ನ ನೂರಾ ಎಂಬತ್ತು ಕಿಲೋ ಒತ್ತಡದಲೆ ಗೋಪುರದ ತುದಿಗೆ ದಬ್ಬತದ. ಅಲ್ಲಿ ಸಣ್ಣ ತೂತಿನಿಂದ ಚಿಮ್ಮಿ, ಬಿಸಿ ಗಾಳ್ಯಾಗ ಒಣಗಿ ಪುಡಿ ಆಗತದ. ಆ ಪಂಪಿನ ಮುಂದಿನ ಪೈಪು ಎರಡು ತಿಂಗಳದಾಗ ಮೂರು ಸಲ ಒಡೀತು. ಮೂರೂ ಸಲ ಒಂದ ಜಾಗಾ, ವೆಲ್ಡಿಂಗ್ ಮಾಡಿದಲ್ಲೆ. ಮೂರನೇ ಸಲ ಬಾಜೂಕ ನಮ್ಮ ಆಪರೇಟರ್ ನಿಲೇಶ ನಿಂತಿದ್ದ. ಬಲಗೈ ಮೊಳಕೈ ತನಕಾ ಸುಟ್ಟದ. ಮಿರಜದ ದವಾಖಾನ್ಯಾಗ ಇದ್ದಾನ. ಇಪ್ಪತ್ತೈದು ವರ್ಷದ ಹುಡುಗ, ಸಮಡೋಳಿಯವ.

ವೆಲ್ಡಿಂಗ್ ಕಚ್ಚಾ ಅದ ಅಂತ ವೆಲ್ಡರನ್ನ ಕೆಲಸದಿಂದ ನಿಲ್ಲಿಸ್ಯಾರ. ಫೆಬ್ರುವರಿ ಹತ್ತಕ್ಕ ಅವನ ವಿಚಾರಣೆ. ಹೊರಗಿನವರನ್ನ ಕರಸಿ ಮತ್ತ ಬೆಸುಗೆ ಹಾಕಿಸೇವಿ, ಪಂಪು ಸಾವಕಾಶ ಓಡಿಸಲಿಕ್ಕತ್ತೇವಿ. ಆದರೂ ಪೈಪು ನಡುಗೂದು ನಿಂತಿಲ್ಲ. ಗೇಜಿನ ಮುಳ್ಳು ಕಾದ ಎಣ್ಣ್ಯಾಗಿನ ಸಾಸವಿ ಹಂಗ ಕುಣೀತದ. ನಾಲ್ಕನೇ ಸಲ ಒಡದ್ರ ಅಲ್ಲಿ ಯಾರು ನಿಂತಿರತಾರೊ ಅನ್ನೂ ಹೆದರಿಕಿ ನನಗ. ಪೈಪು ಯಾಕ ನಡುಗತದ ಕಾಕಾ?

ನಿಮ್ಮ
ಕಾಂಚನ


ಸಂಖ, ಜತ್ತ ತಾಲೂಕು
೧೨ ಜನವರಿ ೨೦೨೫

ಮಗಳ ಕಾಂಚನ,

ಕಾಗದ ಮುಟ್ಟಿತು. ಪಾನಾ ತಿರುವಿ ಹಿಡದದ್ದು ನೆನಪೈತಿ. ಬೈದದ್ದು ನೆನಪಿಲ್ಲ, ಆಗ ದಿನಾ ಯಾರಿಗರೆ ಬೈತಿದ್ನಿ. ನಾನು, ಬಾಬುನ ಅವ್ವ ತಂಗೆವ್ವ ಆರಾಮ ಅದೇವಿ. ಹಿರೀ ಮಗನ ಕುರಿ ಈ ಸಲ ಚಲೋ ಮರಿ ಹಾಕ್ಯಾವ.

ಮೊದಲ ನಿಮ್ಮ ವೆಲ್ಡರಂದು ಹೇಳಿಬಿಡತೇನಿ. ಒಂದ ಜಾಗಾ ಮೂರು ಸಲ ಒಡದೈತಿ ಅಂದ್ರ ಅವನ ಕೈ ಕಚ್ಚಾ ಐತಿ. ಆ ಒತ್ತಡದ ಪೈಪಿಗೆ ಬೆಸುಗೆ ಹಾಕಾಂವಗ ಮೈಯೆಲ್ಲಾ ಕಣ್ಣಿರಬೇಕು. ನಿಲ್ಲಿಸಿದ್ದು ಸೈ ಮಾಡೀರಿ. ಪರರ ಮಗನ ಕೈ ಸುಟ್ಟೈತಿ, ದಯಾ ತೋರಸಬ್ಯಾಡ್ರಿ.

ನಾಕ ದಿನಾತು, ಬಾಬು ಊರಿಗೆ ಬಂದಾನ. ರಜಾ ಕೊಟ್ಟಾರಂತ. ಕಾಗದ ಬಂದ್ರ ನಾ ಗಟ್ಟ್ಯಾಗಿ ಓದತೇನಿ, ತಂಗೆವ್ವ ಕುಂತು ಕೇಳತಾಳ. ನಿಂದೂ ಹಂಗ ಓದಿದ್ನಿ, ಬಾಬುನೂ ಅಲ್ಲೇ ಇದ್ದ. "ಯಾರಲೇ ಅಂವಾ, ನಿನಗ ಗೊತ್ತೇನು ಆ ವೆಲ್ಡರ್?" ಅಂತ ಕೇಳಿದ್ನಿ. ಹೂಂ ಅಂತ ತಲಿ ಹಾಕಿದ. "ನಿನ್ನಂಗ ಕಲತಾಂವ ಅಲ್ಲ ಬಿಡು" ಅಂದ್ನಿ. ಎದ್ದು ಕುರಿ ಹಟ್ಟಿ ಕಡೆ ಹೋದ. ಇಂವಾ ಬಾಯ್ಲರ್ ಕಡೆ ಕೆಲಸ ಮಾಡತಾನ, ನಿಮ್ಮ ಪಂಪಿನ ಕಡೆ ಅಲ್ಲ ಅಂತ ನನ್ನ ತಿಳವಳಿಕಿ. ಪುಣ್ಯಾ.

ಈಗ ಪಂಪಿಂದು. ಮೂರು ಪ್ಲಂಜರ್ ಅಂದ್ರ ಮೂರು ಮಂದಿ ಸರತಿಲೆ ಒಂದ ಗಾಡಿ ದಬ್ಬಿದಂಗ. ಒಬ್ಬನ ಜೋರು ಇಳಿಯೂದ್ರಾಗ ಮತ್ತೊಬ್ಬಂದು ಏರತೈತಿ, ಆದ್ರ ನಡುವ ಒಂದೀಟು ಕುಂದು ಇದ್ದ ಇರತೈತಿ. ಆ ಏರು ಇಳುವು ಹಾಲಿನ್ಯಾಗ ಹೊಕ್ಕು ಪೈಪಿನ ಉದ್ದಕೂ ಓಡತೈತಿ, ಪೈಪು ನಡಗಸತೈತಿ. ಅದಕ ಪಂಪಿನ ಬಾಯಿ ಹತ್ತರ ಒಂದು ಉಕ್ಕಿನ ಬಾಟಲಿ ಕೂಡಸಿರತಾರ. ಡ್ಯಾಂಪನರ್ ಅಂತಾರ. ಒಳಗ ರಬ್ಬರ್ ಚೀಲ, ಚೀಲದಾಗ ನೈಟ್ರೋಜನ್ ಗ್ಯಾಸು. ಜೋರು ಬಂದಾಗ ಚೀಲ ಕುಗ್ಗಿ ಹಾಲಿಗೆ ಜಾಗಾ ಕೊಡತೈತಿ, ಜೋರು ಇಳದಾಗ ಹಿಗ್ಗಿ ವಾಪಸ್ ದಬ್ಬತೈತಿ. ಗ್ಯಾಸು ಹೋಗಿದ್ರ ಆ ಬಾಟಲಿ ಬರೇ ಕಬ್ಬಿಣದ ಗುಂಡು. ನೋಡ್ರಿ. ತುಂಬೂದಾದ್ರ ಪಂಪು ಬಂದ್ ಮಾಡಿ, ಪೈಪಿನ ಒತ್ತಡ ಪೂರಾ ಇಳಿಸಿ ತುಂಬರಿ. ನಡಿಯೂ ಒತ್ತಡದ ಮೂರರಾಗ ಎರಡು ಪಾಲಿನಷ್ಟ, ಹೆಚ್ಚಿಗಿ ಬ್ಯಾಡ.

ಮತ್ತ ಬಿರುಕು ಎಲ್ಲಿ ಬಿಟ್ಟೈತಿ ಅನ್ನೂದು ನೀ ಬರದಿಲ್ಲ. ಬೆಸುಗೆಯ ನಡುವನೊ, ಬಾಜೂಕನೊ? ಯಾರ ಬಾಯಿ ಮಾತೂ ಕೇಳಬ್ಯಾಡ, ನಿನ್ನ ಕಣ್ಣಲೆ ನೋಡಿ ಬರಿ.

ಕಾಗದ ಬಾಬುನ ಕೈಯಾಗ ಕೊಟ್ಟೇನಿ. ಪೋಸ್ಟಿಗೆ ಹಾಕಿ ಬರತಾನ.

ಭರಮಣ್ಣ


ಮಿರಜ
೧೯ ಜನವರಿ ೨೦೨೫

ಭರಮಣ್ಣ ಕಾಕಾ,

ನಿಮ್ಮ ಕಾಗದ ಮೂರು ಸಲ ಓದಿದೆ. ಓದಿ ಸೀದಾ ಪಂಪಿನ ಕಡೆ ಹೋದೆ.

ಬಾಟಲಿ ಅಲ್ಲೇ ಇತ್ತು. ನಾಲ್ಕು ವರ್ಷದಾಗ ಒಬ್ಬರೂ ಅದನ್ನ ಮುಟ್ಟಿಲ್ಲ. ಗ್ಯಾಸ್ ತುಂಬೂ ಬಾಯಿ ಮ್ಯಾಲೆ ಬಣ್ಣಾ ಹಚ್ಚಿಬಿಟ್ಟಾರ! ಕೆರದು ಬಿಚ್ಚಿ ಗೇಜು ಹಚ್ಚಿದ್ರ ಮುಳ್ಳು ಸೊನ್ನೆ. ಒಳಗಿನ ಚೀಲ ಅಂಗೈ ಅಷ್ಟ ಹರದಿತ್ತು. ಪುಣೆದಿಂದ ಹೊಸಾ ಚೀಲ ತರಿಸಿದ್ವಿ, ನೀವು ಹೇಳಿದ ಪ್ರಮಾಣಲೆ ನೂರಾ ಇಪ್ಪತ್ತು ಕಿಲೋ ತುಂಬಿದ್ವಿ. ಮೊನ್ನೆ ಪಂಪು ಚಾಲೂ ಮಾಡಿದಾಗ ನಾನು ಗೇಜಿನ ಮುಂದನ ನಿಂತಿದ್ದೆ. ಮೊದಲು ನೂರಾ ಐವತ್ತರಿಂದ ಎರಡನೂರಾ ಹತ್ತರ ತನಕಾ ಹಾರತಿದ್ದ ಮುಳ್ಳು, ಈಗ ನೂರಾ ಎಪ್ಪತ್ತು ನೂರಾ ತೊಂಬತ್ತರ ನಡುವ ಅದ. ಎಷ್ಟೋ ದಿನಾ ಆದ ಮ್ಯಾಲೆ ಅವತ್ತು ಊಟ ರುಚಿ ಹತ್ತಿತು ಕಾಕಾ. ನಮ್ಮ ಮ್ಯಾನೇಜರ್ ಬಾಳಾಸಾಹೇಬರೂ ಬಂದು ನೋಡಿ "ಚಲೋ ಆತು" ಅಂದ್ರು. ಖರೆ ವಿಚಾರಣೆ ಮಾತ್ರ ತಾರೀಖಿನ ಪ್ರಕಾರ ನಡೀತದಂತ.

ಬಿರುಕಿನ ಮಾತು. ಕತ್ತರಿಸಿ ಒಗದ ಮೂರೂ ತುಂಡು ಸ್ಕ್ರ್ಯಾಪಿನ್ಯಾಗ ಹುಡುಕಿ ತಗದೆ. ತೊಳದು, ಬಿರುಕು ಎದ್ದು ಕಾಣೂ ಹಂಗ ಕೆಂಪು ಬಣ್ಣಾ ಬಿಟ್ಟು, ಭೂತಗನ್ನಡಿಲೆ ನೋಡಿದೆ. ಮೂರರಾಗೂ ಬಿರುಕು ಬೆಸುಗೆಯ ಬಾಜೂಕ ಅದ, ಪೈಪಿನ ಮೈಯಾಗ. ಬೆಸುಗೆ ಮಾತ್ರ ಹಾಕಿದ್ದು ಹಾಕಿದಂಗ ಅದ.

ನಿಲೇಶನ್ನ ಮನಿಗೆ ಬಿಟ್ಟಾರ. ಬೆರಳು ಆಡಸತಾನ. ಪಂಪಿನ ತಲ್ಯಾಗ ಇನ್ನೂ ಒಂದು ಸಣ್ಣ ಟಕ್ ಟಕ್ ಸಪ್ಪಳ ಉಳದದ. ಅದೇನು ಮೊದಲಿಂದ ಇದ್ದದ್ದೋ ಏನೋ.

ಬಾಬು ಇನ್ನೂ ಊರಾಗ ಇದ್ದಾನೇನ್ರಿ? ಅವನ ಮುಂದ ಈ ಕಾಗದ ಗಟ್ಟ್ಯಾಗಿ ಓದಬ್ಯಾಡ್ರಿ. ರಜಾದಾಗ ಕೆಲಸದ ಮಾತು ಯಾರಿಗೆ ಬೇಕು.

ನಿಮ್ಮ
ಕಾಂಚನ


ಸಂಖ
೨೫ ಜನವರಿ ೨೦೨೫

ಮಗಳ ಕಾಂಚನ,

ಬಾಜೂಕ ಅಂತ ಬರದಿ. ಹಂಗಿದ್ರ ವೆಲ್ಡರಂದು ತಪ್ಪಿಲ್ಲ. ಬೆಸುಗೆ ಕಚ್ಚಾ ಇದ್ರ ಹೆಚ್ಚಾಗಿ ಬೆಸುಗೆಯ ನಡುವ, ಒಳಗ ಗುಳ್ಳಿ ನಿಂತಲ್ಲಿ ಬಾಯಿ ಬಿಡತೈತಿ. ಬಾಜೂಕ ಒಡದೈತಿ ಅಂದ್ರ ಪೈಪು ನಡುಗಿ ನಡುಗಿ ದಣದು ಒಡದೈತಿ. ತಂತಿ ಅತ್ತಾಗ ಇತ್ತಾಗ ಬಗ್ಗಿಸಿದ್ರ ಕಡೀಕ ಮುರೀತೈತಲ್ಲ, ಹಂಗ. ಮೂರೂ ಸಲ ಬೆಸುಗೆ ಹಂಗ ಉಳದೈತಿ ಅಂದ್ರ ಅಂವಾ ಭಾಳ ಚಲೋ ಕೆಲಸಗಾರ ಇರಬೇಕು. ನಾ ನೋಡಲಾರದ ಮಾತಾಡಿದ್ನಿ. ಆ ವೆಲ್ಡರಿಗೆ ಹೇಳು, ಸಂಖದ ಮುದುಕ ಹಗುರಾಗಿ ಮಾತಾಡಿದ್ದ, ಆ ಮಾತು ತಿರಗಿ ತಗೊಂಡಾನ ಅಂತ.

ನೀ ಹೇಳಿದಂಗ ಈ ಸಲ ಮನಸಿನ್ಯಾಗ ಓದಿದ್ನಿ. ಬಾಬು ಪಡಸಾಲ್ಯಾಗ ಕುಂತು ನನ್ನ ಮಾರೀನ ನೋಡಾಕ್ಹತ್ತಿದ್ದ. ಓದಿ ಕಿಸೇದಾಗ ಇಟ್ಕೊಂಡ್ನಿ. ಅವಂದೊಂದು ನನಗ ತಿಳೀವಲ್ದು. ಎರಡು ವಾರಾ ಆತು, ರಜಾ ಮುಗೀಲೇ ಇಲ್ಲ. ಸೊಸಿ ರೂಪಾಲಿ ಕೂಡ ಜಗಳಾಡಿ ಬಂದಾನಂತ ನನ್ನ ಅಂದಾಜು. ಮೊನ್ನೆ ಸಿಟ್ಟು ಬಂತು. "ಕೆಲಸ ಬಿಟ್ಟು ಕುಂದರೂ ಗಂಡಸಿನ ಮಾರಿ ನನಗ ನೋಡಾಕ ಆಗೂದಿಲ್ಲ, ನಡಿ ನಿನ್ನ ಮನಿಗೆ" ಅಂದ್ನಿ. ಮುಂಜಾನೆ ಬಸ್ಸಿಗೆ ಬುಧಗಾಂವಕ್ಕ ಹೋದ. ತಂಗೆವ್ವ ಎರಡು ದಿನದಿಂದ ನನ್ನ ಕೂಡ ಮಾತಾಡವಲ್ಲಳು. ಆಕಿ ಮಾತಾಡಿದ್ರೂ ನನಗ ಕೇಳೂದಿಲ್ಲ, ಆದ್ರ ಮಾತಾಡವಲ್ಲಳು ಅನ್ನೂದು ಕಾಣತೈತಿ.

ಇನ್ನ ನಿನ್ನ ಟಕ್ ಟಕ್. ಅದನ್ನ ಒಂದ ಸಾಲಿನ್ಯಾಗ ಬರದು ದಾಟಿ ಹೋಗೀದಿ. ಅದು ಸಣ್ಣ ಸಪ್ಪಳ ಅಲ್ಲ. ಪ್ಲಂಜರಿನ ಹೊಟ್ಟಿ ಪೂರಾ ತುಂಬವಲ್ದು, ಅರ್ಧಾ ಖಾಲಿ ಹೊಟ್ಟೀಲೆ ದಬ್ಬಾಕ್ಹತ್ತೈತಿ, ಅದಕ ಬಡಕೊಳ್ಳತೈತಿ. ಮುಂದಿನ ಬಾಟಲಿ ಎಷ್ಟ ಸುಧಾರಿಸಿದ್ರೂ, ಹಿಂದಿನಿಂದ ಹಾಲು ಬರೂ ದಾರಿ ಸರಿ ಇಲ್ಲಂದ್ರ ಪೈಪು ಮತ್ತ ಒಡದ ಒಡೀತೈತಿ. ಇಷ್ಟ ವರ್ಷ ಸುಮ್ಮನಿದ್ದ ಪೈಪು ಈಗ ಯಾಕ ಒಡೀಬೇಕು? ಹೋದ ವರ್ಷ ಏನರೆ ಬದಲ ಮಾಡೀರೇನು? ಹಾಲಿನ ಟಾಕಿ ಎಲ್ಲಿ ಐತಿ, ಅಲ್ಲಿಂದ ಪಂಪಿನ ತನಕಾ ಪೈಪು ಎಷ್ಟ ಉದ್ದ, ಎಷ್ಟ ಮೊಳಕೈ ತಿರುವು, ಒಂದೂ ಬರದಿಲ್ಲ. ನೀ ಹಿಂಗ ಅರ್ಧಾ ಬರಿಯೂ ಹುಡಿಗಿ ಅಲ್ಲ. ಏನೋ ಮುಚ್ಚಿಟ್ಟೀದಿ.

ಭರಮಣ್ಣ


ಮಿರಜ
೩೧ ಜನವರಿ ೨೦೨೫

ಕಾಕಾ,

ಹೌದ್ರಿ, ಮುಚ್ಚಿಟ್ಟೆ. ಒಂದಲ್ಲ, ಎರಡು.

ಹೋದ ವರ್ಷ ಮಳಿಗಾಲದಾಗ ಕಾರಖಾನಿ ದೊಡ್ಡದು ಮಾಡಿದ್ರು. ಪಂಪಿನ ತಲಿ ಮ್ಯಾಲೆನ ಇದ್ದ ಹಾಲಿನ ಟಾಕಿಯನ್ನ ಹಿಂದಿನ ಹೊಸಾ ಖೋಲಿಗೆ ಸರಿಸಿದ್ರು. ಮೊದಲು ಟಾಕಿಯಿಂದ ಪಂಪಿಗೆ ಪೈಪು ಎರಡು ಮೀಟರ್ ಇತ್ತು. ಈಗ ಹದಿನಾಲ್ಕು ಮೀಟರ್, ಐದು ಮೊಳಕೈ. ಪೈಪಿನ ಅಗಲ ಮಾತ್ರ ಅದೇ ಎರಡು ಇಂಚು. ಆ ನಕಾಶೆ ತಗದಾಕಿ ನಾನು. ಕೆಳಗ ನನ್ನ ಸಹಿ ಅದ. ನಿಮಗ ಮೊದಲನೇ ಕಾಗದ ಬರಿಯೂ ಮುಂದನ ಅದರ ಮ್ಯಾಲೆ ನನಗ ಸಂಶೆ ಇತ್ತು. ನೀವು ಬ್ಯಾರೆ ಏನರೆ ಕಾರಣ ಹೇಳತೀರಿ, ನಾನು ಉಳೀತೇನಿ ಅಂತ ಆಸೆ. ಚೀಲ ಹರದದ್ದು ಸಿಕ್ಕಾಗ ಇಷ್ಟ ಸಾಕು ಅಂದುಕೊಂಡೆ.

ಎರಡನೇದು ಬರೀಲಿಕ್ಕೆ ಕೈ ಬರವಲ್ದು. ಕೆಲಸದಿಂದ ನಿಲ್ಲಿಸಿದ ವೆಲ್ಡರ್ ನಮ್ಮ ಬಾಬು, ಕಾಕಾ. ಅವಂದು ರಜಾ ಅಲ್ಲ. ಹೋದ ದೀಪಾವಳಿಯಿಂದ ಅವನ್ನ ಬಾಯ್ಲರ್ ಕಡಿಂದ ಈ ಕಡೆ ಹಾಕಿದ್ರು. ನಿಲೇಶನ ಕೈ ಸುಟ್ಟ ದಿನ ಬಾಳಾಸಾಹೇಬರು ವರದಿ ಕೇಳಿದ್ರು, "ವೆಲ್ಡಿಂಗ್ ದೋಷ" ಅಂತ ಬರದು ಸಹಿ ಮಾಡಿದಾಕಿನೂ ನಾನೇ. ತುಂಡು ನೋಡಲಾರದ ಬರದೆ. ಆಗ ಎಲ್ಲಾರೂ ಅದನ್ನ ಅನ್ನತಿದ್ರು.

ನೀವು ಬಾಬುನ ಮುಂದ ಓದಿದ ಕಾಗದ, ಅವನ ಕೈಯಾಗನ ಪೋಸ್ಟಿಗೆ ಕಳಿಸಿದ ಕಾಗದ, ಅವನದೇ ಮಾತು ಇತ್ತು ಅದರಾಗ. ಅವನ ತಪ್ಪಿಲ್ಲ ಅಂತ ನೀವು ಬರದದ್ದು ಅವಗಿನ್ನೂ ಗೊತ್ತಿಲ್ಲ. ಅವನ ಮುಂದ ಓದಬ್ಯಾಡ್ರಿ ಅಂದಾಕಿ ನಾನು. ಹತ್ತನೇ ತಾರೀಖು ಅವನ್ನ ಪೂರ್ತಿ ತಗದುಬಿಟ್ರ, ಅವನ ವೆಲ್ಡಿಂಗ್ ಸರ್ಟಿಫಿಕೇಟೂ ರದ್ದಾಗತದ. ಮತ್ತ ಯಾವ ಕಾರಖಾನ್ಯಾಗೂ ದೊಡ್ಡ ಒತ್ತಡದ ಪೈಪು ಮುಟ್ಟಗೊಡೂದಿಲ್ಲ.

ಏನು ಬೈತೀರೊ ಬೈರಿ. ಸುಮ್ಮನ ಮಾತ್ರ ಇರಬ್ಯಾಡ್ರಿ.

ಕಾಂಚನ


ಮಿರಜ
೫ ಫೆಬ್ರುವರಿ ೨೦೨೫

ಕಾಕಾ,

ಉತ್ತರ ಇಲ್ಲ. ದಿನಾ ಪೋಸ್ಟಮನ್ ಗೇಟಿಗೆ ಬರೂ ಹೊತ್ತಿಗೆ ಹೋಗಿ ನಿಂದರತೇನಿ. ನೀವು ಸಿಟ್ಟಾಗೀರಿ. ಆಗಬೇಕಾದದ್ದೇ.

ಬುಧಗಾಂವಕ್ಕ ಹೋಗಿ ಬಾಬುನ ಮುಂದ ಎಲ್ಲಾ ಹೇಳಬೇಕಂತ ಎರಡು ಸಲ ಬಸ್ ಸ್ಟ್ಯಾಂಡ್ ತನಕಾ ಹೋದೆ, ವಾಪಸ್ ಬಂದೆ. ಐದೇ ದಿನಾ ಉಳದಾವ. ನಾನು ಏನು ಮಾಡಬೇಕು ಅನ್ನೂದು ನನಗ ಗೊತ್ತದ. ಮಾಡೂ ಧೈರ್ಯ ಇಲ್ಲ.

ಕಾಂಚನ


ಬುಧಗಾಂವ
೬ ಫೆಬ್ರುವರಿ ೨೦೨೫

ಮಗಳ ಕಾಂಚನ,

ನಿನ್ನ ಕಾಗದ ಮೂರನೇ ತಾರೀಖಿಗೆ ಸಂಖದಾಗ ಮುಟ್ಟಿತು. ಓದಿದ್ನಿ, ಚೀಲದಾಗ ಒಂದು ಧೋತರ ಹಾಕ್ಕೊಂಡು ಅವತ್ತ ಬಸ್ ಹತ್ತಿದ್ನಿ. ಅದಕ ಉತ್ತರ ಬರೀಲಿಲ್ಲ. ಆಮ್ಯಾಲ ನೀ ಮತ್ತೇನರೆ ಬರದಿದ್ರ ಅದು ಊರಾಗ ಬಿದ್ದಿರಬೇಕು. ನಾನೀಗ ಬಾಬುನ ಮನ್ಯಾಗ ಅದೇನಿ. ಇದನ್ನ ರೂಪಾಲಿ ಕೈಯಾಗ ಕಳಸತೇನಿ, ಆಕಿ ಮಿರಜಕ್ಕ ಬರಾಕಿ ಅದಾಳ.

ಬಾಬುಗ ಎಲ್ಲಾ ಕಾಗದ ಕೊಟ್ಟುಬಿಟ್ನಿ. ಬಾಗಲದಾಗ ಕುಂತು ಒಂದೊಂದ ಓದಿದ. ಬೆಸುಗೆ ಹಾಕಿದ್ದು ಹಾಕಿದಂಗ ಅದ ಅಂತ ನೀ ಬರದ ಸಾಲು ಬಂದಾಗ ರೂಪಾಲಿನ ಕರದು ಬೆರಳಿಟ್ಟು ತೋರಿಸಿದ. ಆಕಿ ಸೆರಗಲೆ ಕಣ್ಣ ಒರಸಿಕೊಂಡ್ಲು. ನನ್ನ ಕಡೆ ಇಬ್ಬರೂ ನೋಡಲಿಲ್ಲ.

ನಿನ್ನ ಮ್ಯಾಲ ಸಿಟ್ಟು ಬಂತು, ಬರಲಿಲ್ಲಂತ ಹೆಂಗ ಅನ್ನಲಿ. ಬಸ್ಸು ಜತ್ತ ದಾಟೂತನಕಾ ನಿನಗ ಬೈಕೋಂತ ಬಂದ್ನಿ. ಜತ್ತ ದಾಟಿದ ಮ್ಯಾಲ ನನ್ನ ಮಾತ ನೆನಪಾಗಾಕ್ಹತ್ತಿದ್ವು. ನೀ ಬರೇ ಸಹಿ ಮಾಡಿದಿ. ನಾ ಹೆತ್ತ ಮಗನ್ನ ಎದುರಿಗೆ ಕುಂದ್ರಿಸಿಕೊಂಡು ದಯಾ ತೋರಸಬ್ಯಾಡ್ರಿ ಅಂತ ಬರದ್ನಿ. ಮನಿ ಬಿಟ್ಟು ಕಳಿಸಿದ್ನಿ. ಮೂರು ದಿನಾತು ಅವನ ಮನ್ಯಾಗ ಉಣ್ಣಾಕ್ಹತ್ತೇನಿ, ತಪ್ಪಾತು ಅನ್ನೂ ಒಂದು ಮಾತು ಬಾಯಿಂದ ಹೊರಗ ಬರವಲ್ದು.

ವಿಚಾರಣೆಗೆ ನಾ ಬರೂದಿಲ್ಲ. ಅಪ್ಪ ಮಗನ ಪರವಾಗಿ ಮಾತಾಡಿದಾ ಅಂತಾರ, ಅದಕ ತೂಕ ಇರೂದಿಲ್ಲ. ನೀ ಮಾತಾಡಬೇಕು. ತುಂಡೂ ಇಡು, ನಕಾಶೆನೂ ಇಡು.

ಕೆಲಸ ಹೇಳತೇನಿ, ಬರಕೊ. ದೊಡ್ಡ ಟಾಕಿ ಹಿಂದ ಇರಲಿ, ಸರಸಾಕ ಹೋಗಬ್ಯಾಡ್ರಿ. ಪಂಪಿನ ಹತ್ತರ, ಅದಕಿಂತ ಎತ್ತರದಾಗ ಒಂದು ಸಣ್ಣ ಟಾಕಿ ಇಡ್ರಿ. ದೊಡ್ಡದರಿಂದ ಸಣ್ಣದಕ್ಕ ಒಂದು ಸಾದಾ ಪಂಪು ಹಾಲು ತುಂಬತಿರಲಿ. ಸಣ್ಣ ಟಾಕಿಯಿಂದ ಪ್ಲಂಜರ್ ಪಂಪಿಗೆ ಮೂರು ಇಂಚಿನ ಪೈಪು, ಗಿಡ್ಡದು, ಆದಷ್ಟ ಸೀದಾ. ಕೇಳಿದಷ್ಟ ಹಾಲು ಕೇಳಿದಾಗ ಸಿಕ್ರ ಪಂಪು ಬಡಕೊಳ್ಳೂದಿಲ್ಲ. ಬಾಟಲಿಯ ಗ್ಯಾಸು ತಿಂಗಳಿಗೊಮ್ಮೆ ನೋಡೂದು ಅಂತ ಗ್ವಾಡಿ ಮ್ಯಾಲ ಬರದು ಹಚ್ಚರಿ.

ಧೈರ್ಯ ಬೇಕಾದ್ರ ನಿಲೇಶನ್ನ ಮೊದಲ ಕಂಡು ಬಾ. ಸುಟ್ಟದ್ದು ಅವನ ಕೈ.

ಭರಮಣ್ಣ


ಮಿರಜ
೧೧ ಫೆಬ್ರುವರಿ ೨೦೨೫

ಭರಮಣ್ಣ ಕಾಕಾ,

ನಿನ್ನೆ ಆದದ್ದನ್ನ ಬಾಬು ಹೇಳಿರಬೇಕು. ಖರೆ ಅವಂದು ಮಾತು ಕಡಿಮಿ, ಅದಕ್ಕ ನಾನೂ ಬರೀತೇನಿ.

ಒಂಬತ್ತನೇ ತಾರೀಖಿಗೆ ಸಮಡೋಳಿಗೆ ಹೋಗಿದ್ದೆ. ನಿಲೇಶ ಅಂಗಳದಾಗ ಎಡಗೈಲೆ ಎಮ್ಮಿಗೆ ಮೇವು ಹಾಕತಿದ್ದ. ಬಲಗೈಗೆ ಇನ್ನೂ ಪಟ್ಟಿ. ಪೈಪಿನ ನಕಾಶೆ ನಂದು, ತಪ್ಪು ನಂದು ಅಂತ ನಿಂತಲ್ಲೇ ಹೇಳಿಬಿಟ್ಟೆ. ಅಂವಾ ಕೈಯಾಗಿನ ಮೇವು ಕೆಳಗ ಇಟ್ಟ. ಆಮ್ಯಾಲೆ, "ಮ್ಯಾಡಂ, ಬಾಬುದಾದಾ ದವಾಖಾನಿಗೆ ಎರಡು ಸಲ ಬಂದಿದ್ದ. ನಾನು ಮಾರಿ ತಿರುವಿಕೊಂಡು ಮಲಗಿದ್ದೆ" ಅಂದ. ಅಷ್ಟ ಅಂದು ಅಳಲಿಕ್ಕತ್ತಿದ. ಹೊಂಟಾಗ "ಇನ್ನ ಒಡೆಯೂದಿಲ್ಲ ಅಲ್ಲ? ಅಷ್ಟ ಹೇಳ್ರಿ" ಅಂತ ಕೇಳಿದ. ಒಡೆಯೂದಿಲ್ಲ ಅಂದೆ. ಆ ಮಾತು ಕೊಟ್ಟ ಮ್ಯಾಲೆ ಹಿಂದ ಸರಿಯೂ ಹಾದಿ ಉಳೀಲಿಲ್ಲ.

ವಿಚಾರಣೆ ಮರಾಠಿಯಾಗ ಆತು, ನಿಮಗ ಕನ್ನಡದಾಗ ಬರೀತೇನಿ. ಮೇಜಿನ ಆ ಕಡೆ ಬಾಳಾಸಾಹೇಬರು, ಇನ್ನಿಬ್ಬರು ಹಿರಿಯರು. ಬಾಬು ಗ್ವಾಡಿಗೆ ಹತ್ತಿ ನಿಂತಿದ್ದ. "ನಿಮ್ಮ ವರದಿ ಓದ್ರಿ" ಅಂದ್ರು ನನಗ.

"ಆ ವರದಿ ತಪ್ಪದ ಸರ್" ಅಂದೆ. ಮೂರೂ ತುಂಡು ಮೇಜಿನ ಮ್ಯಾಲೆ ಇಟ್ಟೆ. ಬಾಳಾಸಾಹೇಬರು ಕನ್ನಡಕ ಏರಿಸಿ, ಒಂದೊಂದ ಎತ್ತಿ ಬೆಳಕಿಗೆ ಹಿಡದು ನೋಡಿದ್ರು. ಬಿರುಕು ಬೆಸುಗೆಯ ಬಾಜೂಕ ಓಡೇದ ಅನ್ನೂದು ಅವರಿಗೂ ಕಾಣಸ್ತು.

"ಬೆಸುಗೆ ಗಟ್ಟಿ ಅದ ಅಂದ್ರ ತಪ್ಪು ಯಾರದು?"

ನಕಾಶೆ ಬಿಚ್ಚಿದೆ. "ಕೆಳಗಿನ ಸಹಿ ನಂದು ಸರ್. ಟಾಕಿ ದೂರ ಹೋತು, ನಾನು ಪೈಪು ಉದ್ದ ಮಾಡಿದೆ, ಅಗಲ ಮಾಡಲಿಲ್ಲ. ಪಂಪಿಗೆ ಹಾಲು ಸಾಲವಲ್ದು, ಅದಕ್ಕ ಬಡಕೊಳ್ಳತದ. ಡ್ಯಾಂಪನರಿನ ಗ್ಯಾಸು ಹೋಗಿದ್ದು ನೋಡಬೇಕಾದ ಕೆಲಸನೂ ನಮ್ಮ ವಿಭಾಗದ್ದೇ."

"ಇದೆಲ್ಲಾ ಹೇಳಿದ್ರ ನಿಮಗೇನಾಗತದ ಗೊತ್ತದೇನು?"

"ಗೊತ್ತದ ಸರ್."

ಬಾಳಾಸಾಹೇಬರು ನಕಾಶೆ ತಮ್ಮ ಕಡೆ ಎಳಕೊಂಡ್ರು. ನೋಡಿಕೋಂತ ನೋಡಿಕೋಂತ ಒಂದು ಕಡೆ ಬೆರಳು ನಿಲ್ಲಿಸಿದ್ರು. "ಇಲ್ಲಿ ಮಂಜೂರಿ ಕೊಟ್ಟ ಸಹಿ ನಂದದ" ಅಂದ್ರು. ಕಾಕಾ, ಅದು ನನ್ನ ಲಕ್ಷದಾಗ ಇರಲೇ ಇಲ್ಲ! ಇಷ್ಟ ದಿನಾ ನನ್ನ ಸಹಿ ಒಂದನ್ನ ನೋಡಿ ಹೆದರೇನಿ.

ಅವರು ಬಾಬುನ ಕಡೆ ತಿರುಗಿ, "ನಾಳಿಂದ ಡ್ಯೂಟಿಗೆ ಬಾ. ಹೊಸಾ ಪೈಪಿನ ಬೆಸುಗೆ ನೀನ ಹಾಕಬೇಕು" ಅಂದ್ರು. ಬಾಬು "ನಿಲೇಶ ಏನಂತಾನ?" ಅಂತ ಕೇಳಿದ. ಅವನ ಬಾಯಿಂದ ಬಂದದ್ದು ಅದೊಂದೇ ಮಾತು. ಹೊರಗ ಬಂದ ಮ್ಯಾಲೆ ನಾನು ಕೈ ಮುಗದೆ. ಅವನೂ ಮುಗದ. ಕಾಕಾ, ಅವಗ ನನ್ನ ಮ್ಯಾಲೆ ಸಿಟ್ಟು ಹೋಗಿಲ್ಲ, ಅದು ಕಾಣತದ. ಅದಕ್ಕ ವ್ಯಾಳ್ಯಾ ಹಿಡೀತದ.

ನನಗ ತಾಕೀತಿನ ಪತ್ರ ಬರತದಂತ. ಬರಲಿ. ಇನ್ನ ಮ್ಯಾಲೆ ಯಾವ ನಕಾಶೆನೂ ಇಬ್ಬರು ಬ್ಯಾರೆಯವರು ನೋಡಿದ ಮ್ಯಾಲೇನ ಕೆಲಸ. ಇಪ್ಪತ್ತೆರಡಕ್ಕ ಹೊಸಾ ಪೈಪು ಚಾಲೂ. ಬಾಳಾಸಾಹೇಬರು ನಿಮ್ಮನ್ನ ಕರಕೊಂಡು ಬಾ ಅಂದಾರ. ಅವತ್ತರೆ ಬರ್ರಿ.

ನಿಮ್ಮ
ಕಾಂಚನ


ಬುಧಗಾಂವ
೨೪ ಫೆಬ್ರುವರಿ ೨೦೨೫

ಮಗಳ ಕಾಂಚನ,

ಮೊನ್ನೆ ಗದ್ದಲದಾಗ ನಿನ್ನ ಕೂಡ ಮಾತಾಡಾಕ ಆಗಲಿಲ್ಲ. ನೀ ಏನೋ ಹೇಳಿದಿ, ನನಗ ಕೇಳಲಿಲ್ಲ, ನಾ ಸುಮ್ಮನ ಹೂಂ ಅಂದ್ನಿ. ಅದಕ ಮತ್ತ ಬರ್ಯಾಕ್ಹತ್ತೇನಿ.

ಪಂಪು ಚಾಲೂ ಆದಾಗ ಎಲ್ಲಾರೂ ಗೇಜು ನೋಡಾಕ್ಹತ್ತಿದ್ರಿ. ಮುಳ್ಳು ನಿಂತದ್ದು ನಾನೂ ನೋಡಿದ್ನಿ. ಆದ್ರ ನನ್ನ ಲಕ್ಷ ಬಾಬುನ ಮ್ಯಾಲ ಇತ್ತು. ಅಂವಾ ಗೇಜು ನೋಡಲಿಲ್ಲ, ತಾ ಹಾಕಿದ ಬೆಸುಗೆ ನೋಡಕೋಂತ ನಿಂತಿದ್ದ. ಬಾಳಾಸಾಹೇಬರು ನನಗ ಕೈ ಮಾಡಿ ಪೈಪು ಮುಟ್ಟರಿ ಅಂದ್ರು. ಕವಚದ ಮ್ಯಾಲ ಕೈ ಇಟ್ನಿ. ಮಲಗಿದ ಕುರಿಯ ಬೆನ್ನ ಮುಟ್ಟಿದಂಗ ಆತು ಮಗಳ. ಒಳಗ ಜೀವ ಐತಿ, ಗಾಬರಿ ಇಲ್ಲ. ನಿಲೇಶನೂ ಬಂದಿದ್ದ, ದೂರ ನಿಂತಿದ್ದ. ಬಾಬು ಹೋಗಿ ಅವನ ಹೆಗಲ ಮ್ಯಾಲ ಕೈ ಹಾಕಿ ಕರಕೊಂಡು ಬಂದ. ಇಬ್ಬರೂ ಪೈಪಿನ ಬಾಜೂಕ ನಿಂತ್ರು. ನೀ ಆಗ ಮಾರಿ ಆ ಕಡೆ ತಿರುವಿದಿ. ಅಳಾಕ್ಹತ್ತಿದ್ದಿ, ನಾ ನೋಡೇನಿ.

ಸಂಜೀಕ ಮನಿಗೆ ಬಂದ್ವಿ. ಬಾಬು ನಳದ ಹತ್ತರ ಕೈಕಾಲು ತೊಳಕೊಳ್ಳಾಕ್ಹತ್ತಿದ್ದ. ಈಗ ಅನ್ನಲಿಲ್ಲಂದ್ರ ಇನ್ನ ಅನ್ನೂದಿಲ್ಲ ಅಂತ ಹೋಗಿ ಎದುರಿಗೆ ನಿಂತ್ನಿ. "ತಪ್ಪಾತೋ ಬಾಬು. ನಾ ನೋಡಲಾರದ ಮಾತಾಡಿದ್ನಿ, ನಿನ್ನ ಕಳಿಸಬಾರದಿತ್ತು" ಅಂದ್ನಿ. ಎಷ್ಟ ಜೋರಾಗಿ ಅಂದ್ನೋ ಏನೋ, ನೆರಮನ್ಯಾವರು ಬಾಗಲಿಗೆ ಬಂದ್ರು. ಬಾಬು ನಳ ಬಂದ್ ಮಾಡಿ ನಿಂತ. ಅವನ ತುಟಿ ಅಲುಗಾಡಿದ್ವು. ಭಾಳ ಹೊತ್ತು ಏನೇನೋ ಹೇಳಿದ. ಒಂದಕ್ಷರ ನನಗ ಕೇಳಲಿಲ್ಲ. ಬರದು ಕೊಡು ಅನ್ನಬೇಕಂದ್ನಿ, ಅನ್ನಲಿಲ್ಲ. ಅವನ ಮಾರಿ ನೋಡಿದ್ನಿ, ಸಾಕಾತು. ಹೇಳೂದೆಲ್ಲಾ ಹೇಳಿ ಮುಗಿಸಿ, ತನ್ನ ಟಾವೆಲ್ಲಲೆ ನನ್ನ ಮಾರಿ ಒರಸಿದ.

ತಂಗೆವ್ವಗ ಫೋನ್ ಮಾಡಿ ರೂಪಾಲಿ ಎಲ್ಲಾ ಹೇಳ್ಯಾಳ. ಆಕಿ ಅಲ್ಲಿ ಏನಂದ್ಲು ಅಂತ ಕೇಳಿದ್ರ, ರೂಪಾಲಿ ನಕ್ಕು ಒಳಗ ಹೋದ್ಲು.

ನಿನ್ನೆ ಒಂದು ಹೊಸಾ ಸಂಗತಿ ಆತು. ದುಡಿಯೂ ಕಾಲಕ್ಕೂ, ದುಡದು ಬಿಟ್ಟ ಮ್ಯಾಲೂ, ನಾಕ ಗಂಟೆಕ್ಕ ಎಚ್ಚರಾಗೂದು ನನಗ ಒಂದು ದಿನಾ ತಪ್ಪಿಲ್ಲ. ನಿನ್ನೆ ಕಣ್ಣ ತಗದಾಗ ಬಿಸಲು ಬಾಗಲ ದಾಟಿ ನನ್ನ ಹಾಸಿಗಿ ಮುಟ್ಟಿತ್ತು. ಮನ್ಯಾಗ ಯಾರೂ ನನ್ನ ಎಬ್ಬಿಸಿದ್ದಿಲ್ಲ. ರೂಪಾಲಿ ತಲಿದಿಂಬಿನ ಹತ್ತರ ಚಹಾ ಮುಚ್ಚಿಟ್ಟು, ಅಂಗಳದಾಗ ಅರಿವಿ ಒಣಾ ಹಾಕಾಕ್ಹತ್ತಿದ್ಲು. ಬಾಬು ಎಲ್ಲಿ ಅಂತ ಕೈಲೆ ಕೇಳಿದ್ನಿ. ಆರಕ್ಕ ಡ್ಯೂಟಿಗೆ ಹೋಗ್ಯಾನ ಅಂತ ಆಕಿ ಕೈಲೇ ತೋರಿಸಿದ್ಲು.

ಭರಮಣ್ಣ